ದಡದ ಮೇಲಿನ ಕಣ್ಣು

ಗಾಳದ ದಾರಕ್ಕೆ ಕಟ್ಟಿದ ಉಣ್ಣೆ ಮುಳುಗಿದ್ದನ್ನು ಕಂಡು ನೆವಿಲ್ ಕೋಲೆತ್ತಿದನೋ, ಇಲ್ಲ ದಡದಿಂದ ಡಂಕನ್ ಕೂಗಿದ್ದು ಕಿವಿಗೆ ಬಿದ್ದು ಎತ್ತಿದನೋ? ಎರಡರ ನಡುವೆ ಒಂದು ಉಸಿರಿನಷ್ಟೂ ಅಂತರವಿರಲಿಲ್ಲ, ಡಂಕನ್‌ಗೆ ತೀರ್ಮಾನಿಸಲಾಗಲಿಲ್ಲ. ದಡದ ಮೇಲೆ ಮುಳ್ಳುಪೊದೆಯ ಮರೆಯಲ್ಲಿ ನಿಂತು ಅವನು ಕೆಳಗೆ ನೋಡುತ್ತಿದ್ದ. ತೊಡೆಮಟ್ಟದ ನೀರಿನಲ್ಲಿ ನೆವಿಲ್ ಬಿಲ್ಲಿನಂತೆ ಬಾಗಿದ ಗಾಳದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಕಾಣದ ಮೀನನ್ನು ಬಾಯಿತುಂಬ ಬೈಯುತ್ತ, ಹೊಳೆ ಹರಿಯುವತ್ತ ಹೆಜ್ಜೆ ಹಾಕುತ್ತಿದ್ದ. ಸಂತೋಷಪಡಬೇಕಾದ ಹೊತ್ತು. ಆದರೆ ಕೆಲವು ಶನಿವಾರಗಳಿಂದ ಈ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವನನ್ನು ಕಾಡುತ್ತಿತ್ತು.

"ಏನು ಬಾಯಿ ಬಿಟ್ಕೊಂಡು ನಿಂತಿದೀಯೋ? ಬಲೆ ತಗೊಂಡು ಬಾರೋ!"

"ಬಂದೆ ಮಾರಾಯ. ಮೀನು ನಿಂದೋ ನಂದೋ?"

"ಸಿಕ್ಕಿದ್ರೆ ನಂದು. ತಪ್ಪಿಸ್ಕೊಂಡ್ರೆ ನಿಂದು."

ಕಂದು ಟ್ರೌಟ್. ಮೈಮೇಲೆ ಕೆಂಪು ಚುಕ್ಕೆ, ಹೊಟ್ಟೆ ಬೆಣ್ಣೆಯ ಬಣ್ಣ. ನೆವಿಲ್ ಅದನ್ನು ನೀರಿನೊಳಗೇ ಹಿಡಿದು, ಬಾಯಿಂದ ಗಾಳ ಬಿಡಿಸಿ, ಹರಿವಿಗೆದುರಾಗಿ ಸ್ವಲ್ಪ ಹೊತ್ತು ಆನಿಸಿಕೊಂಡು, ಬಿಟ್ಟುಬಿಟ್ಟ. ಗಾಳ ಬಿಡಿಸುವಾಗ ಅವನು ಕೈಯತ್ತ ನೇರವಾಗಿ ನೋಡಲೇ ಇಲ್ಲ. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕೋಳಿ ಕಾಳನ್ನು ನೋಡುವ ಹಾಗೆ ಓರೆಗಣ್ಣಿನಲ್ಲಿ ನೋಡಿದ.

ಒರೇಟಿ ನದಿಯಲ್ಲಿ ಇವರಿಬ್ಬರೂ ಮೀನು ಹಿಡಿಯಲು ಶುರುಮಾಡಿದ್ದು ಇಬ್ಬರಿಗೂ ತಲೆತುಂಬ ಕೂದಲಿದ್ದ ಕಾಲದಲ್ಲಿ. ಅಂದಿನಿಂದ ಕ್ರಮ ಒಂದೇ. ಒಬ್ಬ ದಡದ ಮೇಲೆ ನಿಂತು ತಿಳಿನೀರಿನಲ್ಲಿ ಮೀನು ಎಲ್ಲಿ ನಿಂತಿದೆ ಎಂದು ಹುಡುಕಬೇಕು. ಇನ್ನೊಬ್ಬ ಕೆಳಗಿನಿಂದ ಸದ್ದಿಲ್ಲದೆ ನೀರಿಗಿಳಿಯಬೇಕು. ಮೇಲಿದ್ದವನು "ಇನ್ನೆರಡು ಮೊಳ ಎಡಕ್ಕೆ" ಎಂದರೆ ಕೆಳಗಿದ್ದವನು ಅಲ್ಲಿಗೇ ಗಾಳ ಎಸೆಯಬೇಕು. ಗಾಳವೆಂದರೆ ಎರೆಹುಳ ಸಿಕ್ಕಿಸಿದ್ದಲ್ಲ. ನೀರಿನಡಿಯ ಕಲ್ಲಿಗೆ ಅಂಟಿಕೊಂಡಿರುವ ಹುಳದ ಮರಿಯಂತೆ ಕಾಣುವ ಹಾಗೆ ಹಕ್ಕಿಯ ಗರಿ, ತಾಮ್ರದ ತಂತಿ ಸುತ್ತಿದ ಸಣ್ಣ ಕೊಕ್ಕೆ. ಅದು ಹೊಳೆಯ ತಳದಲ್ಲಿ, ಹೊಳೆಯ ವೇಗದಲ್ಲೇ ಸಾಗಬೇಕು. ಮೇಲೆ ದಾರಕ್ಕೆ ಕಟ್ಟಿದ ಉಣ್ಣೆಯ ಚೂರು ತೇಲುತ್ತಿರುತ್ತದೆ. ಉಣ್ಣೆ ತಡವರಿಸಿದರೆ, ಮುಳುಗಿದರೆ, ಮೀನು ಬಾಯಿ ಹಾಕಿದೆ ಎಂದರ್ಥ. ಅದು ಮೋಸ ತಿಳಿದು ಉಗುಳುವುದರೊಳಗೆ ಕೋಲೆತ್ತಬೇಕು. ದಡದ ಮೇಲಿದ್ದವನಿಗೆ ಮೀನಿನ ಬಾಯಿ ಬಿಳಿಯಾಗಿ ತೆರೆದದ್ದು ಕಂಡರೆ "ಎತ್ತೋ!" ಎಂದು ಕೂಗುವ ಹಕ್ಕಿದೆ. ಒಂದು ಮೀನಾದ ಮೇಲೆ ಜಾಗ ಬದಲು.

ಈ ವರ್ಷ ಜಾಗ ಬದಲಾಗಿರಲಿಲ್ಲ.

"ಮೊಣಕಾಲು ಕಣೋ, ದಡ ಹತ್ತೋಕಾಗಲ್ಲ," ಎಂದಿದ್ದ ನೆವಿಲ್ ಮೊದಲನೆಯ ಸಲ. ಆಮೇಲೆ, "ನಿನ್ನ ಕಣ್ಣು ಚೆನ್ನಾಗಿದೆ, ನೀನೇ ನಿಲ್ಲು." ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ. ಆದರೆ ಕುರಿಬೇಲಿಗಳನ್ನು ಅವನು ಈಗಲೂ ಒಂದೇ ನೆಗೆತಕ್ಕೆ ದಾಟುತ್ತಿದ್ದ.

ಚಹಾ ಕುಡಿಯಲು ವಿಲೋ ಮರದಡಿ ಕೂತಾಗ ನೆವಿಲ್ ಚೀಸ್ ರೋಲಿನ ಪೊಟ್ಟಣ ಬಿಚ್ಚುತ್ತ, ಹಾಗೇ ಸುಮ್ಮನೆ ಎಂಬಂತೆ ಕೇಳಿದ:

"ನಿಂದೊಂದು ಉಣ್ಣೆ ಇಲ್ಲದ ವಿದ್ಯೆ ಇದೆಯಲ್ಲ, ಅದನ್ನ ನನಗೂ ಹೇಳ್ಕೊಡ್ತೀಯಾ?"

ಡಂಕನ್‌ಗೆ ನಗು ಬಂತು. ಆ ವಿದ್ಯೆಗೆ ಅವನು ಎರಡು ವರ್ಷ ಬೆವರು ಸುರಿಸಿದ್ದ. ಉಣ್ಣೆ ಬೇಡ, ಎಸೆತವೂ ಅಷ್ಟಾಗಿ ಬೇಡ. ಭಾರದ ಮಣಿ ಪೋಣಿಸಿದ ಗಾಳವನ್ನು ಹತ್ತಿರದಲ್ಲೇ ಇಳಿಬಿಟ್ಟು, ದಾರ ನೀರಿಗೆ ತಾಗದಂತೆ ಕೋಲನ್ನು ಎತ್ತಿ ಹಿಡಿದು, ತಳದ ಕಲ್ಲುಗಳನ್ನು ಬೆರಳಿನಲ್ಲೇ ಎಣಿಸುತ್ತ ಸಾಗುವುದು. ಆ ಎರಡು ವರ್ಷವೂ ನೆವಿಲ್ ದಡದಿಂದ ಗೇಲಿ ಮಾಡಿದ್ದೇ ಮಾಡಿದ್ದು.

"'ಹೊಂಡದಲ್ಲಿ ಬೀಗದಕೈ ಬೀಳಿಸ್ಕೊಂಡಿದೀಯೇನೋ' ಅಂತಿದ್ದವನು ನೀನೇ ಅಲ್ವಾ?"

"ಅಂತಿದ್ದೆ. ಈಗ ನನ್ನ ಬೀಗದಕೈನೂ ಬಿದ್ದಿದೆ ಅಂತ ಇಟ್ಕೋ. ಹೇಳ್ಕೊಡ್ತೀಯೋ ಇಲ್ವೋ?"

"ಹೇಳ್ಕೊಡೋಣ. ಗುಟ್ಟೇನೂ ಇಲ್ಲ. ಗಾಳ ತಳದಲ್ಲಿ ಕಲ್ಲಿಂದ ಕಲ್ಲಿಗೆ ಬಡೀತಾ ಹೋಗುತ್ತೆ, ಟಕ್ ಟಕ್ ಅಂತ ಬೆರಳಿಗೆ ಗೊತ್ತಾಗುತ್ತೆ. ಮೀನು ಎಳೆಯುತ್ತೆ ಅಂತ ಕಾಯ್ಬೇಡ. ಅದು ಎಳೆಯಲ್ಲ. ಬಡಿತ ನಿಲ್ಲುತ್ತೆ, ಅಷ್ಟೆ. ನಿಂತ ಕ್ಷಣ ಎತ್ತು."

"ಕಣ್ಣು ಮುಚ್ಕೊಂಡೂ ಹಿಡೀಬಹುದು ಅನ್ನು."

"ಮುಚ್ಕೊಂಡ್ರೆ ಇನ್ನೂ ಒಳ್ಳೇದು."

ನೆವಿಲ್ ಲೋಟದ ಚಹಾದ ಮೇಲಿನ ಹಬೆಯನ್ನು ನೋಡುವವನಂತೆ ತಲೆ ಬಗ್ಗಿಸಿದ. ಡಂಕನ್‌ನ ನಗು ಎಲ್ಲೋ ಅರ್ಧಕ್ಕೇ ನಿಂತಿತು. ಮುದುಕನಿಗೆ ಹೊಸತರ ಚಪಲ ಹತ್ತಿದೆ ಎಂದುಕೊಂಡಿದ್ದ. ಚಪಲವಲ್ಲದೆ ಇದು ಬೇರೇನಾದರೂ ಆಗಿದ್ದರೆ?

ಆಗಿದ್ದರೆ, ಅದು ಮೀನಿನ ವಿಷಯವಾಗಿ ಉಳಿಯುವುದಿಲ್ಲ. ನೆವಿಲ್ ಶಾಲಾ ಬಸ್ಸಿನ ಚಾಲಕ. ಬೆನ್ನು ಕೆಟ್ಟು ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಬಿಟ್ಟ ಮೇಲೆ, ಹೆಂಡತಿ ಐಲೀನ್ ತೀರಿಹೋದ ಮೇಲೆ, ಅವನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಆ ಬಸ್ಸು. ಜಲ್ಲಿ ರಸ್ತೆಯ ಕೊನೆಯ ಮನೆ ಅವನದು. ಅಲ್ಲಿಂದ ಹೊರಟು, ಒಂಟಿ ಮನೆಗಳ ಗೇಟುಗಳಲ್ಲಿ ಕಾಯುವ ಮಕ್ಕಳನ್ನು ಹತ್ತಿಸಿಕೊಂಡು ಶಾಲೆಗೆ ಬರುತ್ತಿದ್ದ. ಡಂಕನ್ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ.

ಚಹಾದ ನಂತರ ಮೇಲಿನ ಮಡುವಿನಲ್ಲಿ ಇನ್ನೊಂದು ಮೀನು ಕಂಡಿತು. ಅಗಲ ಬೆನ್ನಿನ, ಹಳೆಯ ಮೀನು. ಉಣ್ಣೆ ಇನ್ನೂ ಬಿಚ್ಚಿರಲಿಲ್ಲ. ಇದೊಂದನ್ನು ಹಳೆಯ ರೀತಿಯಲ್ಲೇ ನೋಡೋಣ ಎಂದು ನೆವಿಲ್ ಇಳಿದ. ಡಂಕನ್ ಮೇಲಿಂದ ಹೇಳುತ್ತ ಹೋದ. ಮೊದಲ ಎಸೆತ ಗಿಡ್ಡವಾಯಿತು. ಎರಡನೆಯದರಲ್ಲಿ ದಾರ ಹರಿವಿಗೆ ಸಿಕ್ಕಿ ಬಿಗಿದು, ಗಾಳ ಮೀನಿನ ತಲೆಯ ಮೇಲೆ ಸರ್ರನೆ ಎಳೆದುಹೋಯಿತು. ಮೀನು ಅನುಮಾನಿಸಿತು. ನಿಧಾನವಾಗಿ ತಿರುಗಿ, ಹರಿವಿನ ಜೊತೆಯಲ್ಲೇ ಕೆಳಗೆ ಬಂತು. ಬಿಳಿಗಲ್ಲುಗಳ ಮೇಲೆ ಅದರ ಕಪ್ಪು ನೆರಳು ಜಾರುತ್ತ, ನೆವಿಲ್‌ನ ಎಡಗಾಲಿನ ಬದಿಯಿಂದ, ಬಗ್ಗಿದರೆ ಕೈಗೆ ಎಟುಕುವಷ್ಟು ಹತ್ತಿರದಿಂದ ಹಾದು, ಹಿಂದಿನ ಆಳಕ್ಕೆ ಇಳಿದುಹೋಯಿತು.

ಇನ್ನು ಬೈಗುಳ ಕೇಳುತ್ತದೆ ಎಂದು ಡಂಕನ್ ಕಾದ. ಹೀಗೆ ಮೀನು ಕಾಲ ಬುಡದಲ್ಲೇ ಹಾದುಹೋದಾಗಲೆಲ್ಲ ನೆವಿಲ್ ಟೋಪಿ ತೆಗೆದು ಅದಕ್ಕೆ ನಮಸ್ಕಾರ ಮಾಡಿ ಬೈಯುವುದು ವಾಡಿಕೆ.

ನೆವಿಲ್ ಹೊಳೆಯ ಮೇಲ್ಗಡೆ, ಮೀನು ಮೊದಲಿದ್ದ ಕಡೆಗೇ ನೋಡುತ್ತ ನಿಂತಿದ್ದ. "ಇನ್ನೂ ಅಲ್ಲೇ ಇದೆಯಾ?" ಎಂದ.

ಡಂಕನ್ "ಹೂಂ," ಎಂದ. "ಅದೇ ಜಾಗ. ಇನ್ನೊಂದು ಸಲ ಹಾಕು."

ಏಕೆ ಹಾಗೆಂದನೋ ಆಗ ಅವನಿಗೇ ತಿಳಿದಿರಲಿಲ್ಲ. ನೆವಿಲ್ ಗಾಳ ಎಸೆದ. ಸೊಗಸಾದ ಎಸೆತ. ಕೆಂಪು ಉಣ್ಣೆ ಬರಿದಾದ ಮಡುವಿನ ಮೇಲೆ ಎಲೆಯಂತೆ ಹಗುರಾಗಿ, ಒಂದಿಷ್ಟೂ ಅಲುಗದೆ ತೇಲಿ ಬರುತ್ತಿತ್ತು. ಮೀನು ನಿಂತಿದ್ದ ಜಾಗಕ್ಕೆ ಅದು ಬಂದಾಗ ಡಂಕನ್ ಕೂಗಿದ:

"ಎತ್ತೋ!"

ನೆವಿಲ್ ಎತ್ತಿದ. ಗಾಳ ನೀರಿನಿಂದ ಹಾರಿ ಅವನ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ ಬಿತ್ತು.

"ಥೂ! ಹೋಯ್ತಲ್ಲೋ! ಉಣ್ಣೆ ಪೂರ್ತಿ ಒಳಗೆ ಹೋಗಿತ್ತು. ನೀನು ಕೂಗೋಕ್ಕೆ ಮುಂಚೆನೇ ಕಂಡೆ ನಾನು. ಕೈ ತಡವಾಯ್ತು."

"ಆಗುತ್ತೆ ಬಿಡು," ಎಂದ ಡಂಕನ್. ತನ್ನ ದನಿ ಮಾಮೂಲಿನಂತೆಯೇ ಇದ್ದದ್ದು ಕೇಳಿ ಅವನಿಗೆ ಅಸಹ್ಯವಾಯಿತು. ದಡದ ಮೇಲಿನ ಮಾತಿನ ಬಗ್ಗೆ ಇವರಲ್ಲಿ ಆಣೆ ಪ್ರಮಾಣ ಏನೂ ಆಗಿರಲಿಲ್ಲ, ಬೇಕಾಗಿರಲಿಲ್ಲ. ಕೆಳಗಿದ್ದವನು ಮೇಲಿದ್ದವನನ್ನು ನಂಬುತ್ತಾನೆ. ಅದಿಲ್ಲದಿದ್ದರೆ ಇಬ್ಬರು ಕೂಡಿ ಹೊಳೆಗೆ ಹೋಗುವುದಕ್ಕೆ ಅರ್ಥವೇ ಇಲ್ಲ.

ಮನೆಗೆ ಮರಳುವಾಗ ಪಿಕಪ್ ಓಡಿಸಿದವನು ನೆವಿಲ್. ಎಂದಿನಂತೆ ಸೀಟಿ ಹಾಕುತ್ತ, ಒಂದು ಕೈ ಕಿಟಕಿಯ ಹೊರಗಿಟ್ಟು, ರಸ್ತೆಯ ಅಂಚಿನ ಹುಲ್ಲಿನ ಗೆರೆ ಹಿಡಿದು ಹೋದ. ಒಂದೇ ವಾಹನ ಹಿಡಿಸುವ ಉದ್ದನೆಯ ಸೇತುವೆ ಬಂದಾಗ ವೇಗ ಇಳಿಸಿದ. ಆ ಕಡೆಯಿಂದ ಬರುವವರಿಗೆ ಇಲ್ಲಿ ದಾರಿ ಬಿಡಬೇಕು.

"ಯಾರಾದ್ರೂ ಬರ್ತಿದಾರಾ?" ಎಂದ, ಸೀಟಿಯ ನಡುವೆ.

"ಇಲ್ಲ."

ಪಿಕಪ್ ಸೇತುವೆ ಹತ್ತಿತು. ಈ ಪ್ರಶ್ನೆಯನ್ನು ಅವನು ಈ ವರ್ಷವಿಡೀ ಕೇಳುತ್ತ ಬಂದಿದ್ದಾನೆ ಎಂದು ಡಂಕನ್‌ಗೆ ಆಗ ಹೊಳೆಯಿತು. ತಾನು ವರ್ಷವಿಡೀ ಉತ್ತರಿಸುತ್ತ ಬಂದಿದ್ದಾನೆ. ಹೊಳೆಯಲ್ಲಿ ಮಾತ್ರವಲ್ಲ, ರಸ್ತೆಯಲ್ಲೂ ತಾನೇ ದಡದ ಮೇಲೆ ನಿಂತವನು.

ಹಾಗಾದರೆ ಬಸ್ಸಿನಲ್ಲಿ?

ಭಾನುವಾರ ಅವನು ಯಾರೊಂದಿಗೂ ಮಾತಾಡಲಿಲ್ಲ. ಮಕ್ಕಳ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತ. ಕೂಡಿದ್ದನ್ನೇ ಮತ್ತೆ ಕೂಡಿದ. ಸೋಮವಾರ ಶಾಲೆಯ ಗೇಟಿನಲ್ಲಿ ಬಸ್ಸಿನಿಂದ ಮಕ್ಕಳನ್ನು ಇಳಿಸಿಕೊಳ್ಳುವ ಸರದಿ ಅವನದಾಗಿರಲಿಲ್ಲ. ಆದರೂ ಹೋಗಿ ನಿಂತ. ನೆಲವೆಲ್ಲ ಹಿಮ ಹೆಪ್ಪುಗಟ್ಟಿದ್ದ ಬೆಳಗು. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಇಳಿದವರಲ್ಲಿ ಇಬ್ಬರು ಜಗಳವಾಡುತ್ತಲೇ ಇಳಿದರು.

"ಸರ್, ಇವಳು ನಿನ್ನೆ ಮೊನ್ನೆ ಎಲ್ಲಾ ಕ್ಯಾಪ್ಟನ್ ಆಗಿದ್ಲು, ಇವತ್ತೂ ಅವಳೇ ಅಂತೆ!"

"ನಿನ್ನೆ ಭಾನುವಾರ ಕಣೋ, ಪೆದ್ದ!" ಎಂದಳು ಕರ್ಸ್ಟಿ ಎಂಬ ಹುಡುಗಿ.

"ಏನು ಕ್ಯಾಪ್ಟನ್?" ಎಂದ ಡಂಕನ್.

"ಸೇತುವೆ ಕ್ಯಾಪ್ಟನ್ ಸರ್. ಮುಂದಿನ ಸೀಟಲ್ಲಿ ಕೂತೋರು. ಸೇತುವೆ ಬಂದಾಗ ಆ ಕಡೆ ಯಾರೂ ಇಲ್ಲ ಅಂದ್ರೆ 'ದಾರಿ ಬಿಟ್ಟಿದೆ' ಅಂತ ಕೂಗ್ಬೇಕು. ಕೂಗಿದ ಮೇಲೇ ನೆವಿಲ್ ಅಂಕಲ್ ಬಸ್ ಬಿಡೋದು. ಸರಿಯಾಗಿ ಕೂಗಿದ್ರೆ ಶುಕ್ರವಾರ ಚಾಕೊಲೇಟು."

ಬಸ್ಸಿನ ಕಿಟಕಿಯಿಂದ ನೆವಿಲ್ ಕೈ ಬೀಸಿದ. ಡಂಕನ್ ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಆಚೆಗೆ.

ಶಾಲೆ ಬಿಟ್ಟ ಮೇಲೆ ಡಂಕನ್ ಜಲ್ಲಿ ರಸ್ತೆಯ ಕೊನೆಗೆ ಹೋದ. ನೆವಿಲ್ ಅಂಗಳದಲ್ಲಿ ಬಸ್ಸು ತೊಳೆಯುತ್ತಿದ್ದ. ಅಂಗೈಯಿಂದ ತಗಡನ್ನು ಸವರಿ, ಕೆಸರು ಉಳಿದಲ್ಲಿ ಮತ್ತೆ ಉಜ್ಜುತ್ತಿದ್ದ.

"ಬಾ ಮಾಸ್ಟ್ರೇ. ಸೋಮವಾರಾನೇ ಹೊಳೆ ನೆನಪಾಯ್ತಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಡಂಕನ್‌ಗೆ ಸಿಗಲಿಲ್ಲ. "ನೆವ್, ನಿನ್ನ ಕಣ್ಣು ತೋರಿಸ್ಬೇಕು ಕಣೋ," ಎಂದ. "ಶನಿವಾರ ಇನ್ವರ್‌ಕಾರ್ಗಿಲ್‌ನ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ."

ಉಜ್ಜುವ ಕೈ ನಿಲ್ಲಲಿಲ್ಲ. "ನನ್ನ ಕಣ್ಣಿಗೇನಾಗಿದೆ?"

"ನಿನಗೇ ಗೊತ್ತು."

"ನನಗೆ ಗೊತ್ತಿಲ್ಲ. ನೀನು ಹೇಳು."

"ಸೇತುವೆ ಕ್ಯಾಪ್ಟನ್."

"ಅದು ಆಟ ಕಣೋ! ಮಕ್ಕಳ ಆಟ. ಗಣಿತದ ಮೇಷ್ಟ್ರುಗಳಿಗೆ ಆಟ ಅಂದ್ರೇನು ಅಂತ ಗೊತ್ತಿರಲ್ಲ ಬಿಡು."

"ಆಟ ಆಗಿದ್ರೆ ಪರೀಕ್ಷೆ ಮಾಡಿಸೋಕೆ ಭಯ ಯಾಕೆ?"

ಈಗ ನೆವಿಲ್ ಬಟ್ಟೆಯನ್ನು ಬಕೆಟ್ಟಿಗೆ ಎಸೆದ. ಕೊಳಕು ನೀರು ಇಬ್ಬರ ಕಾಲಿಗೂ ಸಿಡಿಯಿತು. "ಭಯಾನಾ? ಸರಿ, ಭಯಾನೇ ಅನ್ನು. ಒಬ್ಬ ಡಾಕ್ಟರು ಒಂದು ಚೀಟಿ ಬರೆದ್ರೆ ಬಸ್ಸು ಹೋಯ್ತು. ಪಿಕಪ್ಪೂ ಹೋಯ್ತು. ಆಮೇಲೆ ನಾನು ಇಲ್ಲಿ ಏನು ಮಾಡ್ಲಿ? ಬೇಲಿ ಮೇಲೆ ಕೂತ್ಕೊಂಡು ಕುರಿಗಳ ಜೊತೆ ಹವಾಮಾನ ಮಾತಾಡ್ಲಾ? ಐಲೀನ್ ಇದ್ದಿದ್ರೆ ಬೇರೆ ಮಾತು." ಅವನು ಸುಧಾರಿಸಿಕೊಂಡ. ದನಿ ತಗ್ಗಿತು. "ನನಗೆ ಕಾಣುತ್ತೆ ಡಂಕ್. ಮೊದಲಿನ ಹಾಗಲ್ಲ, ಒಪ್ಪಿದೆ. ಆದ್ರೆ ಬೇಕಾದಷ್ಟು ಕಾಣುತ್ತೆ. ಮೊನ್ನೆ ನೀನೇ ನೋಡಿದ್ಯಲ್ಲ. ಮೇಲಿನ ಮಡುವಿನಲ್ಲಿ. ನೀನು ಕೂಗೋಕ್ಕೆ ಮುಂಚೆ ಉಣ್ಣೆ ಮುಳುಗಿದ್ದು ನನಗೆ ಕಾಣಿಸ್ತು. ಅಷ್ಟು ದೂರದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಉಣ್ಣೆ. ಅದು ಕಂಡವನಿಗೆ ಎದುರಿಗೆ ಬರೋ ಹಾಲಿನ ಲಾರಿ ಕಾಣಲ್ವಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದು ಡಂಕನ್‌ಗೆ ಅವನ ಮುಖದಲ್ಲೇ ತಿಳಿಯಿತು. ಉಣ್ಣೆ ಮುಳುಗಿದ್ದನ್ನು ಕಂಡೆ ಎಂದು ನೆವಿಲ್ ಮನಸಾರೆ ನಂಬಿದ್ದ. ಕೂಗು ಕೇಳಿದಾಗ ಅವನ ಕಣ್ಣಿನ ನಡುವೆ ನೇರ ನೋಟ ಅಳಿಸಿಹೋದ ಖಾಲಿ ಜಾಗದಲ್ಲಿ ಉಣ್ಣೆ ನಿಜವಾಗಿಯೂ ಮುಳುಗಿತ್ತು. ಹೀಗೆಯೇ ಯಾವುದೋ ಮಗು "ದಾರಿ ಬಿಟ್ಟಿದೆ" ಎಂದು ಕೂಗಿದಾಗ ಅವನಿಗೆ ಖಾಲಿ ಸೇತುವೆ ಕಾಣುತ್ತದೆ.

ಉತ್ತರ ಡಂಕನ್‌ನ ನಾಲಿಗೆಯ ತುದಿಯಲ್ಲಿತ್ತು. ಒಂದು ವಾಕ್ಯ. ಅದನ್ನು ಹೇಳಿದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆಮೇಲೆ ಈ ಮನುಷ್ಯ ಈವರೆಗೆ ಹಿಡಿದ ಒಂದೊಂದು ಮೀನನ್ನೂ, ಕೇಳಿದ ಒಂದೊಂದು ಕೂಗನ್ನೂ ಹೊರಳಿಸಿ ನೋಡಬೇಕಾಗುತ್ತದೆ. ಕಣ್ಣಿನ ಜೊತೆಗೆ ಕಿವಿಯನ್ನೂ ಕಳೆದುಕೊಳ್ಳುತ್ತಾನೆ. ಇಷ್ಟಾದರೂ ತಾನು ಹೇಳದಿರುವುದು ಕರುಣೆಯಿಂದಲೋ, ತನ್ನ ಮಾನ ಉಳಿಸಿಕೊಳ್ಳುವುದಕ್ಕೋ? ಅದೂ ತಿಳಿಯಲಿಲ್ಲ.

"ಬಸ್ಸಿನ ಮಾಲೀಕನಿಗೆ ನೀನೇ ಹೇಳು," ಎಂದ ಕೊನೆಗೆ. "ನಾಳೆ ಸಂಜೆಯೊಳಗೆ. ನೀನು ಹೇಳದಿದ್ರೆ ನಾನು ಹೇಳ್ತೀನಿ."

"ನೀನು?"

"ನಾನೇ."

ನೆವಿಲ್ ಮುಖವನ್ನು ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಲ್ಲಿ ಅವನನ್ನು ಬಹಳ ಹೊತ್ತು ನೋಡಿದ. ಗೆಳೆಯನ ಮುಖ ಸಿಗುವ ಕೋನವನ್ನು ಹುಡುಕುವವನಂತೆ.

"ಗೇಟು ಹಾಕ್ಕೊಂಡು ಹೋಗು," ಎಂದ. "ಕುರಿ ಹೊರಗೆ ಹೋಗ್ತಾವೆ."

ನಾಳೆ ಸಂಜೆ ಎಂದು ಏಕೆ ಹೇಳಿದೆ, ಈಗಲೇ ಎಂದು ಏಕೆ ಹೇಳಲಿಲ್ಲ ಎಂಬುದು ಡಂಕನ್‌ಗೆ ಹೊಳೆದದ್ದು ಮಂಗಳವಾರ ಬೆಳಗ್ಗೆ, ಶಾಲೆಯ ಗೇಟಿನಲ್ಲಿ ನಿಂತಾಗ. ಸಭ್ಯತೆಗೆ ಹೇಳಿದ್ದ. ಗೆಳೆಯನಿಗೆ ಒಂದು ದಿನದ ಮರ್ಯಾದೆ ಕೊಡಲು ಒಂದು ಬಸ್ಸಿನ ತುಂಬ ಮಕ್ಕಳನ್ನು ಪಣಕ್ಕಿಟ್ಟಿದ್ದ. ಮಂಜು ಕವಿದಿತ್ತು. ಸೇತುವೆಯ ಈ ತುದಿಯಲ್ಲಿ ನಿಂತರೆ ಆ ತುದಿ ಯಾರಿಗೂ ಕಾಣದಂಥ ಮಂಜು, ಎಷ್ಟೇ ಚುರುಕು ಕಣ್ಣಿನ ಕ್ಯಾಪ್ಟನ್‌ಗೂ. ಬಸ್ಸಿನ ಹೊತ್ತು ಬಂತು, ಹೋಯಿತು. ಬೇರೆ ಬಸ್ಸುಗಳು ಬಂದು ಮಕ್ಕಳನ್ನಿಳಿಸಿ ಹೋದವು. ಯಾರೋ ಸಹೋದ್ಯೋಗಿ ಏನೋ ಕೇಳಿದಳು; ಅವನು ಏನೋ ಹೇಳಿದ. ರಸ್ತೆಯಾಚೆಯ ಟರ್ನಿಪ್ ಹೊಲದಲ್ಲಿ ಕುರಿಗಳು ಕೆಮ್ಮುವುದು ಮನುಷ್ಯರು ಕೆಮ್ಮಿದಂತೆಯೇ ಕೇಳಿಸುತ್ತಿತ್ತು.

ಕೊನೆಗೆ ಮಂಜಿನೊಳಗಿಂದ ಎರಡು ಹಳದಿ ದೀಪಗಳು ಬಂದವು. ಬಸ್ಸು ನಿಂತಿತು. ಬಾಗಿಲು ತೆರೆದಾಗ ಚಾಲಕನ ಜಾಗದಲ್ಲಿ ಮಾಲೀಕನೇ ಕೂತಿದ್ದ.

"ಬೆಳಗಾಗೋಕೆ ಮುಂಚೆ ಫೋನು ಮಾಡಿದ, ಪುಣ್ಯಾತ್ಮ," ಎಂದ ಅವನು ಗೊಣಗುತ್ತ. "ಬೆನ್ನು ಹಿಡ್ಕೊಂಡಿದೆಯಂತೆ. ಇನ್ನು ಆಗಲ್ಲ, ಬೇರೆಯವರನ್ನ ನೋಡ್ಕೋ ಅಂದ. ಈ ಗೇಟುಗಳು ಎಲ್ಲೆಲ್ಲಿ ಅಂತ ಯಾವನಿಗೆ ಗೊತ್ತು? ಮಕ್ಕಳೇ ದಾರಿ ತೋರ್ಸಿದ್ರು."

ಕರ್ಸ್ಟಿ ಇಳಿಯುತ್ತ ಹೇಳಿದಳು: "ಇವರಿಗೆ ಸೇತುವೆ ಆಟ ಬರಲ್ಲ ಸರ್."

ಬೆನ್ನು ಎಂದೇ ಊರು ನಂಬಿತು. ಪಿಕಪ್ಪನ್ನು ನೆವಿಲ್ ಅಕ್ಕನ ಮಗನಿಗೆ ಕೊಟ್ಟನಂತೆ. ವಾರಕ್ಕೊಮ್ಮೆ ಅವನೇ ದಿನಸಿ ತಂದುಹಾಕುತ್ತಾನಂತೆ. ಡಂಕನ್‌ಗೆ ಇವೆಲ್ಲ ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯಲ್ಲಿ, ಬೇರೆಯವರ ಬಾಯಿಂದ ತಿಳಿದವು. ಅವನು ಮಾಡಿದ ಫೋನನ್ನು ನೆವಿಲ್ ಎತ್ತಲಿಲ್ಲ. ಚಳಿಗಾಲ ಹಾಗೇ ಕಳೆಯಿತು. ಡಂಕನ್ ಒಬ್ಬನೇ ಹೊಳೆಯ ಬದಿಗೆ ಹೋಗಿ, ಗಾಳವಿಲ್ಲದೆ, ಸುಮ್ಮನೆ ನೀರಿನೊಳಗೆ ನೋಡುತ್ತ ನಿಂತು ಬರುತ್ತಿದ್ದ. ಮೀನು ಕಂಡಾಗ ಬಾಯಿ ತೆರೆಯುತ್ತಿತ್ತು. ಯಾರಿಗೆ ಹೇಳುವುದು?

ಆ ದಕ್ಷಿಣದ ನಾಡಿನಲ್ಲಿ ವಸಂತ ಕಾಲಿಡುವ ಅಕ್ಟೋಬರಿನಲ್ಲಿ, ಮೀನು ಹಿಡಿಯುವ ಕಾಲ ಮತ್ತೆ ಶುರುವಾದ ದಿನ ಅವನು ಕಾರನ್ನು ಜಲ್ಲಿ ರಸ್ತೆಯ ಕೊನೆಗೆ ಓಡಿಸಿದ. ನೆವಿಲ್ ಹೊಡೆದು ಓಡಿಸಿದರೆ ವಾಪಸಾಗುವುದು ಎಂದುಕೊಂಡಿದ್ದ. ಹಾರ್ನ್ ಮಾಡಲಿಲ್ಲ. ಇಂಜಿನ್ ನಿಲ್ಲಿಸಿ ಕಾದ. ಬಹಳ ಹೊತ್ತಿನ ಮೇಲೆ ನೆವಿಲ್ ಹೊರಗೆ ಬಂದ. ಗಾಳದ ಕೋಲು ಕೈಯಲ್ಲಿತ್ತು. ಗೇಟಿನ ಕಂಬವನ್ನು ಮುಟ್ಟಿ, ದಾಟಿ, ಕಾರಿನ ಬಾಗಿಲನ್ನು ಸವರಿ ಹಿಡಿಕೆ ಹುಡುಕಿ ಕೂತ.

"ಈ ಕಾರಲ್ಲಿ ಇನ್ನೂ ನಾಯಿ ವಾಸನೆ," ಎಂದ.

"ನಾಯಿ ಸತ್ತು ಮೂರು ವರ್ಷ ಆಯ್ತು."

"ವಾಸನೆಗೆ ಯಾರೂ ಹೇಳಿಲ್ಲ ಅನ್ಸುತ್ತೆ."

ಸೇತುವೆಯ ಬಳಿ ಡಂಕನ್ ನಿಲ್ಲಿಸಿದ, ನೋಡಿದ, ದಾಟಿದ.

ಅಂದು ಉಣ್ಣೆ ಕಟ್ಟಲಿಲ್ಲ. ಕಲ್ಲುಗಳ ನಡುವೆ ನೀರು ನೊರೆಯಾಗಿ ಇಳಿಯುವ ಜಾಗದಲ್ಲಿ, ದಡದ ಮೇಲಲ್ಲ, ನೀರಿನೊಳಗೆ, ನೆವಿಲ್‌ನ ಪಕ್ಕದಲ್ಲೇ ಡಂಕನ್ ನಿಂತ. ಕೋಲು ಎಷ್ಟು ಎತ್ತರ, ದಾರ ಎಷ್ಟು ಬಿಗಿ ಎಂದು ಮೊಣಕೈ ಹಿಡಿದು ತೋರಿಸಿದ. ಬಿಗಿ ಹೆಚ್ಚಾದರೆ ಗಾಳ ತಳ ಬಿಟ್ಟೇಳುತ್ತದೆ. ಸಡಿಲವಾದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಮೊದಮೊದಲು ನೆವಿಲ್ ಪ್ರತಿ ಕಲ್ಲಿಗೂ ಕೋಲೆತ್ತಿ ಬೈದ. ಆಮೇಲೆ ಬೈಗುಳ ನಿಂತಿತು. ಕಣ್ಣು ಮುಚ್ಚಿಕೊಂಡಿದ್ದ. ತುಟಿ ಅಲುಗುತ್ತಿತ್ತು: "ಕಲ್ಲು. ಕಲ್ಲು. ಮರಳು. ಕಲ್ಲು." ಒಮ್ಮೆ ತುಟಿ ನಿಂತಿತು. ಕೈ ತಾನಾಗಿ ಮೇಲೆದ್ದಿತು. ಕೋಲು ಬಾಗಿತು.

ಡಂಕನ್ ಕೂಗಿರಲಿಲ್ಲ. ಅವನಿಗೆ ಆ ನೊರೆಯಲ್ಲಿ ಏನೂ ಕಂಡಿರಲಿಲ್ಲ.

ಮೀನು ಬಿಟ್ಟ ಮೇಲೆ ನೆವಿಲ್ ಒಂದು ಬಂಡೆಯ ಮೇಲೆ ಕೂತು ಒದ್ದೆ ಕೈಗಳನ್ನು ಕಂಕುಳಲ್ಲಿಟ್ಟುಕೊಂಡ. ಖುಷಿಯಾದಂತೆ ಕಾಣಲಿಲ್ಲ. ಹೊಳೆಯ ಸದ್ದಿನತ್ತ ಮುಖ ಮಾಡಿ ಕೇಳಿದ:

"ಆವತ್ತು ಮೇಲಿನ ಮಡುವಿನಲ್ಲಿ ತಪ್ಪಿಸ್ಕೊಂಡಿದ್ದು ಇದಕ್ಕಿಂತ ದೊಡ್ಡದಿತ್ತು, ಅಲ್ವಾ?"

"ದೊಡ್ಡದಿತ್ತು."

"ಉಣ್ಣೆ ಹ್ಯಾಗೆ ಒಳಗೆ ಹೋಯ್ತು ಅಂತೀಯ! ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ನೆಟ್ಟಗೆ ಕಂಡದ್ದು ಅದೇ ಕೊನೇದು ಅನ್ಸುತ್ತೆ ಕಣೋ. ಮನೇಲಿ ಕೂತಾಗ ಅದನ್ನೇ ನೋಡ್ಕೊಳ್ತಿರ್ತೀನಿ."

ಡಂಕನ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಅವನ ಕೈಗೆ ಚಹಾ ಕೊಟ್ಟ. ಬೆರಳುಗಳು ಲೋಟವನ್ನು ಸುತ್ತಿ ಹಿಡಿದವು ಎಂದು ಖಚಿತವಾದ ಮೇಲೆ ತನ್ನ ಕೈ ಬಿಟ್ಟ.

ಆ ದಿನ ಉಣ್ಣೆ ಮುಳುಗಿರಲೇ ಇಲ್ಲ ಎಂದು ಅವನು ನೆವಿಲ್‌ಗೆ ಎಂದೂ ಹೇಳಲಿಲ್ಲ.